ಫ್ರಿಜ್ಜಿಗೂ ಪೂಜೆ ಮಾಡಿದ್ದರು

ಹೊಸ ಜೀನ್ಸ್ ಪ್ಯಾಂಟನ್ನು ಮೊದಲ ಸಲ ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ. ಬಣ್ಣದ ಜೊತೆಗೆ ಒಂದು ವಾಸನೆಯನ್ನೂ ಬಿಡುತ್ತದೆ. ಮೊನ್ನೆ ಭಾನುವಾರ ನನ್ನ ಗಂಡ ಬಳ್ಳಾರಿ ಬಜಾರಿನಿಂದ ತಂದಿದ್ದ ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಹಾಕಿ ಕೈಯಾಡಿಸಿದೆ. ನೀರು ನೀಲಿಯಾಯಿತು, ಅದರೊಳಗಿಂದ ಬ್ಲೀಚಿನ ಕಟು ವಾಸನೆ ಸಣ್ಣಗೆ ಎದ್ದಿತು. ಬಟ್ಟೆ ಮಸುಕಾಗಲೆಂದು ವಾಷಿಂಗ್ ಯೂನಿಟ್ಟುಗಳಲ್ಲಿ ಸುರಿಯುವ ನೀರಿನ ವಾಸನೆ ಅದು. ಬೇರೆಯವರಿಗೆ ಅದು ಬರೀ ಹೊಸ ಬಟ್ಟೆಯ ವಾಸನೆ. ನಾನು ಕೈ ಹೊರಗೆ ತೆಗೆದು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಕಡಿದಾದ ಮೆಟ್ಟಿಲು, ಅರ್ಧ ಎಳೆದ ಶಟರು, ಬಿಳಿಯ ಕ್ಯಾನು... ಅದರ ಮುಚ್ಚಳ ನೀಲಿಯೋ ಹಳದಿಯೋ ಇಂದಿಗೂ ಖಾತ್ರಿಯಿಲ್ಲ. ಅದನ್ನು ತಿರುಗಿಸಿದ ಸದ್ದು ಮಾತ್ರ ಕಿವಿಯಲ್ಲಿ ಹಾಗೇ ಇದೆ. ಆ ಕ್ಯಾನಿನ ಎದುರಿಗೆ ನಿಂತಿದ್ದವರು ಮಡಕಶಿರದಮ್ಮ.

ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಮೊದಲು ಕೆಲಸಕ್ಕೆ ಸೇರಿದ್ದು ರಾಯದುರ್ಗದ ಒಂದು ಖಾಸಗಿ ಲ್ಯಾಬಿಗೆ. ಕೆಳಗೆ ಓನರ ಮೆಡಿಕಲ್ ಶಾಪು, ಮೇಲೆ ತಗಡಿನ ಚಾವಣಿಯ ಎರಡು ಕೋಣೆ. ಎದುರಿಗೆ ಜಿಪ್ಪು, ಗುಂಡಿ, ದಾರ ಮಾರುವ ಅಂಗಡಿ, ಅದರ ಹಿಂದೆ ಜೀನ್ಸ್ ಹೊಲಿಯುವ ಯೂನಿಟ್ಟುಗಳು. ಕೌಂಟರಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವುದು, ರಿಪೋರ್ಟು ಕೊಡುವುದು ನನ್ನ ಕೆಲಸ. ಆ ವರ್ಷ ಓನರಿಗೆ ಲ್ಯಾಬಿಗೆ ಮಾನ್ಯತೆಯ ಸರ್ಟಿಫಿಕೇಟು ತರಿಸುವ ಆಸೆ ಹುಟ್ಟಿತ್ತು. ಅದೊಂದು ಗೋಡೆಗೆ ಬಿದ್ದರೆ ಇನ್ಶೂರೆನ್ಸಿನವರು, ನರ್ಸಿಂಗ್ ಹೋಮಿನವರು ಎಲ್ಲರೂ ಇಲ್ಲಿಗೇ ಕಳಿಸುತ್ತಾರೆ ಅನ್ನುವುದು ಅವರ ಲೆಕ್ಕ. ಆದರೆ ಸರ್ಟಿಫಿಕೇಟು ಕೊಡುವ ಮೊದಲು ಹೊರಗಿನಿಂದ ಒಂದು ತಂಡ ಬಂದು ಎಲ್ಲವನ್ನೂ ಕೆದಕಿ ನೋಡುತ್ತದೆ. ಅದಕ್ಕೆ ಲ್ಯಾಬನ್ನು ತಯಾರು ಮಾಡಲೆಂದು ಮಡಕಶಿರದಮ್ಮನನ್ನು ಕರೆಸಿದ್ದರು. ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಬಹುಕಾಲ ಟೆಕ್ನೀಷಿಯನ್ ಆಗಿದ್ದವರು. ಊರು ಮಡಕಶಿರದ ಕಡೆ, ಸಿದ್ಧೇಶ್ವರನ ಗುಡಿಯಿರುವ ಹೇಮಾವತಿ ಊರಿನ ಪಕ್ಕದ ಹಳ್ಳಿ. ಎದುರಿಗೆ ಎಲ್ಲರೂ ‘ಅಮ್ಮಾ’ ಅನ್ನುತ್ತಿದ್ದರು. ಬೆನ್ನ ಹಿಂದೆ ಮಡಕಶಿರದಮ್ಮ.

ಅವರನ್ನು ಯಾರೂ ಇಷ್ಟಪಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಇಲ್ಲದವರ ಬಗ್ಗೆ ಬರೆಯುವಾಗ ಕೈ ತಾನಾಗಿಯೇ ಸಕ್ಕರೆ ಬೆರೆಸುತ್ತದೆ, ಅದಕ್ಕೆ. ನಾನೂ ಇಷ್ಟಪಡಲಿಲ್ಲ. ಮುಖ ಸಡಿಲಿಸಿದ್ದನ್ನು ನೋಡಿದ ನೆನಪಿಲ್ಲ. ಬಂದ ವಾರದಲ್ಲೇ ಓನರ ಹೆಂಡತಿಯ ಜೊತೆ ಕೆಡಿಸಿಕೊಂಡರು. ಆಕೆ ಶುಕ್ರವಾರದ ಪೂಜೆಗೆಂದು ಮಲ್ಲಿಗೆ ಕನಕಾಂಬರದ ಮಾಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಲ್ಯಾಬಿನ ಫ್ರಿಜ್ಜಿನಲ್ಲಿ ಇಡುತ್ತಿದ್ದರು, ಎಚ್‌ಐವಿ ಕಿಟ್ಟುಗಳ ಪಕ್ಕದಲ್ಲೇ. ಮಡಕಶಿರದಮ್ಮ ಆ ಗಂಟನ್ನು ಹಿಡಿದು ಕೆಳಗಿಳಿದು, ಗಿರಾಕಿಗಳ ಎದುರಿಗೇ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು.

“ರಕ್ತ ಇಡೋ ಜಾಗ ಅದು. ಅಲ್ಲಿಂದ ತೆಗೆದು ದೇವ್ರಿಗೆ ಹೂವ ಇಡ್ತೀರಾ?”

ಆವತ್ತಿನಿಂದ ಓನರ ಹೆಂಡತಿ ಅವರ ಮುಖ ನೋಡಲಿಲ್ಲ.

ಅವರ ನಿಯಮಗಳೂ ಕಟ್ಟುನಿಟ್ಟು. ಬೆಳಿಗ್ಗೆ ಸಂಜೆ ಫ್ರಿಜ್ಜಿನೊಳಗಿನ ಥರ್ಮಾಮೀಟರು ನೋಡಬೇಕು. ಕಿಟ್ಟಿನ ಮೇಲೆ ರಕ್ತದ ಹನಿ ಬಿಟ್ಟ ಮೇಲೆ ಗಡಿಯಾರ ನೋಡುತ್ತ ನಿಲ್ಲಬೇಕು. ಹೇಳಿದ ಹೊತ್ತಿಗಿಂತ ಮೊದಲೂ ಓದುವಂತಿಲ್ಲ, ತಡವಾಗಿಯೂ ಓದುವಂತಿಲ್ಲ. ನಮ್ಮ ಅಟೆಂಡರ್ ಮಾಮ ಗುಡಿ ಪೂಜಾರಿಯ ಹಾಗೆ ಹಣೆತುಂಬ ವಿಭೂತಿ ಬಳಿದುಕೊಂಡು ಬರುತ್ತಿದ್ದ ವಯಸ್ಸಾದವರು, ಮಾತಿನಲ್ಲಿ ಚತುರರು. ಮಡಕಶಿರದಮ್ಮ ಆಚೆ ಹೋದ ಕೂಡಲೇ ಬೆಂಚಿನ ಮೇಲೆ ಕೂತವರಿಗೆ ಹೇಳುತ್ತಿದ್ದರು: “ಇಲ್ಲಿ ರೋಗಿಗಿಂತ ಫ್ರಿಜ್ಜಿಗೇ ಹೆಚ್ಚಿಗಿ ಜ್ವರಾ ನೋಡ್ತಾರ್ರಿ.”

ನನಗೂ ಒಂದು ಸಲ ಬೈಗುಳ ಸಿಕ್ಕಿತು. ಒಬ್ಬ ಬಸುರಿ ರಿಪೋರ್ಟು ಕೇಳುತ್ತ ಕೌಂಟರಿಗೆ ಬಂದಿದ್ದಳು, ಹೆದರಿದ್ದಳು. ಅವಳನ್ನು ಸಮಾಧಾನ ಮಾಡಲೆಂದೇ ನಾನು, ಎಚ್‌ಐವಿ ಇಲ್ಲಮ್ಮ, ಆರಾಮಾಗಿ ಹೋಗು ಅಂದೆ. ಅವಳು ಕೈಮುಗಿದು ಹೋದಳು. ಒಳಗಿನಿಂದ ಮಡಕಶಿರದಮ್ಮ ಬಂದು ಎಲ್ಲರ ಎದುರಿಗೇ ಕೇಳಿದರು: “ಇಲ್ಲ ಅಂತ ಗಟ್ಟಿಯಾಗಿ ಹೇಳಿದ್ಯಲ್ಲ, ನಾಳೆ ಇನ್ನೊಬ್ಳು ಬಂದಾಗ ನೀನು ಸುಮ್ನಿದ್ರೆ ಈ ಬೆಂಚಿನ ಮೇಲಿರೋರಿಗೆ ಅರ್ಥ ಆಗಲ್ವಾ?” ನಾನು ಡಿಗ್ರಿ ಓದಿದವಳು, ಬೆಂಚಿನ ಮೇಲೆ ನಮ್ಮ ಓಣಿಯ ಹೆಂಗಸರೇ ಕೂತಿದ್ದರು. ಆ ರಾತ್ರಿ ಮನೆಯಲ್ಲಿ, ಈ ಹೆಂಗಸು ತೊಲಗಿದರೆ ಸಾಕು ಎಂದು ಅಮ್ಮನ ಹತ್ತಿರ ಹೇಳಿಕೊಂಡು ಅತ್ತೆ.

ಅವರ ಇನ್ನೊಂದು ಪದ್ಧತಿ ಹೇಳಬೇಕು, ಮುಂದಿನದೆಲ್ಲ ಅದರಿಂದಲೇ ಆಯಿತು. ಹೊಸ ಪೆಟ್ಟಿಗೆ ಒಡೆದಾಗ, ಮತ್ತೆ ಪ್ರತಿ ಸೋಮವಾರ, ರೋಗಿಗಳ ರಕ್ತ ಮುಟ್ಟುವ ಮೊದಲು ಅವರು ಕಿಟ್ಟನ್ನೇ ಪರೀಕ್ಷೆ ಮಾಡುತ್ತಿದ್ದರು. ಅದಕ್ಕೆ ಎರಡು ಬೇಕು: ಎಚ್‌ಐವಿ ಇದೆಯೆಂದು ಮೊದಲೇ ಗೊತ್ತಿರುವ ಒಂದು ಸ್ಯಾಂಪಲ್ಲು, ಇಲ್ಲವೆಂದು ಗೊತ್ತಿರುವ ಇನ್ನೊಂದು. ‘ಇದೆ’ ಅನ್ನುವುದು ಒಂದು ಪುಟ್ಟ ಸೀಸೆಯಲ್ಲಿತ್ತು. ‘ಇಲ್ಲ’ ಅನ್ನುವುದಕ್ಕೆ ತಮ್ಮ ಬೆರಳನ್ನೇ ಚುಚ್ಚಿಕೊಳ್ಳುತ್ತಿದ್ದರು. ಪಟ್ಟಿಯ ಮೇಲೆ ಒಂದೇ ಗೆರೆ ಮೂಡಿದರೆ ಇಲ್ಲ, ಎರಡು ಮೂಡಿದರೆ ಇದೆ. ಅವರ ರಕ್ತಕ್ಕೆ ಯಾವಾಗಲೂ ಒಂದೇ ಗೆರೆ. ಎಡಗೈಯ ಉಂಗುರದ ಬೆರಳಿನ ತುದಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಒರಟಾಗಿತ್ತು. ರಿಜಿಸ್ಟರು ಹಿಡಿದುಕೊಂಡು ಬರೆಯುವಾಗ ಆ ಬೆರಳು ಮಾತ್ರ ಆಚೆಗೆ ಚಾಚಿಕೊಂಡಿರುತ್ತಿತ್ತು...

ಆ ವರ್ಷ ಆಯುಧ ಪೂಜೆಗೆ ಅವರು ಊರಿಗೆ ಹೋದರು. ನಾನೂ ಅಕ್ಕನ ಮನೆಗೆ ಹೋಗಿದ್ದೆ. ಲ್ಯಾಬಿನಲ್ಲಿ ಓನರು ಮತ್ತು ಅಟೆಂಡರ್ ಮಾಮ ಸೇರಿ ಭರ್ಜರಿಯಾಗಿ ಪೂಜೆ ಮಾಡಿದರು. ನಮ್ಮೂರಿನ ಹೊಲಿಗೆ ಯೂನಿಟ್ಟುಗಳಲ್ಲಿ ಆವತ್ತು ಎಲ್ಲ ಮಿಷನ್ನುಗಳ ಕರೆಂಟು ತೆಗೆದು, ಒರೆಸಿ, ವಿಭೂತಿ ಕುಂಕುಮ ಇಟ್ಟು ಹಾಗೇ ಬಿಡುತ್ತಾರೆ. ವರ್ಷಪೂರ್ತಿ ದುಡಿದ ಮಿಷನ್ನು ಹಬ್ಬದ ದಿನವಾದರೂ ಸುಮ್ಮನಿರಬೇಕು. ಅಟೆಂಡರ್ ಮಾಮ ಲ್ಯಾಬಿನಲ್ಲೂ ಹಾಗೇ ಮಾಡಿದರು. ರಕ್ತ ತಿರುಗಿಸುವ ಮಿಷನ್ನು, ಮೈಕ್ರೋಸ್ಕೋಪು, ಕಂಪ್ಯೂಟರು. ಕೊನೆಗೆ ಫ್ರಿಜ್ಜು. ಪ್ಲಗ್ಗು ಕಿತ್ತು, ಅದಕ್ಕೊಂದು ಚೆಂಡುಹೂ ಸಿಕ್ಕಿಸಿ, ಬಾಗಿಲಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು ಶಟರು ಹಾಕಿಕೊಂಡು ಹೋದರು. ಹಬ್ಬ, ಅದರ ಮರುದಿನದ ಬನ್ನಿ, ಅದಕ್ಕೆ ಅಂಟಿಕೊಂಡ ರಜೆ. ತಗಡಿನ ಕೆಳಗಿನ ಆ ಕೋಣೆ ಮುಚ್ಚಿಟ್ಟರೆ ಒಳಗೆ ಹಂಚಿನ ಕಾವು. ರಜೆ ಮುಗಿಸಿ ಬಂದು ಪ್ಲಗ್ಗು ಹಾಕಿದಾಗ ಫ್ರಿಜ್ಜು ಗುರ್ ಅಂದಿತು. ಯಾರಿಗೂ ಏನೂ ಅನ್ನಿಸಲಿಲ್ಲ. ನಾನು ಕೆಲಸಕ್ಕೆ ಬಂದಾಗ ಕೋಣೆಯಲ್ಲಿ ಇನ್ನೂ ಊದುಬತ್ತಿಯ ವಾಸನೆ ಇತ್ತು.

ಆ ವಾರವೇ ಹೊಲಿಗೆಯ ಹುಡುಗಿ ಬಂದದ್ದು. ಯೂನಿಟ್ಟಿನಲ್ಲಿ ಪ್ಯಾಂಟಿಗೆ ಸೊಂಟದ ಪಟ್ಟಿ ಹೊಲಿಯುತ್ತಿದ್ದಳು, ಮೊದಲ ಬಸುರು. ತವರು ಮಡಕಶಿರದ ಕಡೆಯೇ. ನರ್ಸಿಂಗ್ ಹೋಮಿನವರು ಎಲ್ಲ ಬಸುರಿಯರಿಗೂ ಬರೆಯುವ ರಕ್ತಪರೀಕ್ಷೆಗಳನ್ನೇ ಬರೆದಿದ್ದರು. ಜೊತೆಗೆ ಅತ್ತೆ ಬಂದಿದ್ದರು. ನಮ್ಮ ಇನ್ನೊಬ್ಬ ಟೆಕ್ನೀಷಿಯನ್ ಹುಡುಗ ಎಚ್‌ಐವಿ ಕಿಟ್ಟಿಗೆ ಹನಿ ಬಿಟ್ಟ. ಎರಡು ಗೆರೆ ಬಂತು. ಮಡಕಶಿರದಮ್ಮ ಇದ್ದಿದ್ದರೆ ಅಲ್ಲಿಗೇ ಬಾಯಿ ಮುಚ್ಚಿಸುತ್ತಿದ್ದರು. ಮೊದಲ ಕಿಟ್ಟಿನ ಎರಡು ಗೆರೆ ತೀರ್ಪಲ್ಲ; ಬೇರೆ ಬೇರೆ ಎರಡು ಕಿಟ್ಟುಗಳಲ್ಲಿ ಮತ್ತೆ ನೋಡಬೇಕು, ಅದಕ್ಕೆ ಗುಟ್ಟಾಗಿ ಸರ್ಕಾರಿ ಕೇಂದ್ರಕ್ಕೆ ಕಳಿಸಬೇಕು, ಹೇಳುವುದಿದ್ದರೆ ಅವಳೊಬ್ಬಳಿಗೇ ಹೇಳಬೇಕು. ಇದನ್ನು ಅವರು ಗೋಡೆಗೆ ಅಂಟಿಸಿಯೂ ಇದ್ದರು. ಹುಡುಗ ಚೀಟಿಯಲ್ಲಿ ‘ಪಾಸಿಟಿವ್’ ಎಂದು ಬರೆದು ಕೆಳಗೆ ಕಳಿಸಿದ. ಮೆಡಿಕಲ್ ಶಾಪಿನಲ್ಲಿ ಓನರು ಅದನ್ನು ಅತ್ತೆಯ ಕೈಗೆ ಕೊಟ್ಟರು. ಮನೆಯವರೇ ಅಲ್ಲವೇ ಎಂದು. ನಾನು ಕಿಟಕಿಯಿಂದ ನೋಡಿದಾಗ ಆ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ರಸ್ತೆಯಲ್ಲಿ ನಿಂತಿದ್ದರು. ಸೊಸೆ ಒಂದಷ್ಟು ದೂರದಲ್ಲಿ, ಏನೂ ತಿಳಿಯದೆ, ಕೈಯಲ್ಲಿ ನೀರಿನ ಬಾಟಲಿ ಹಿಡಿದುಕೊಂಡು...

ಸಂಜೆಯ ಬಸ್ಸಿಗೆ ಅವಳನ್ನು ತವರಿಗೆ ಕಳಿಸಿದರು. ದೀಪಾವಳಿ ಅಮಾವಾಸ್ಯೆಯ ಒಳಗೆ ಬಸುರು ತೆಗೆಸಬೇಕೆಂದು ನಿಶ್ಚಯವಾಯಿತಂತೆ. ಗಂಡನ ರಕ್ತ ಪರೀಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಎದುರಿನ ದಾರದಂಗಡಿಯಿಂದ. ಅಷ್ಟರಲ್ಲಿ ಇಡೀ ಬೀದಿಗೆ ಗೊತ್ತಾಗಿತ್ತು.

ಮಡಕಶಿರದಮ್ಮ ಸೋಮವಾರ ಬಂದರು. ಚಪ್ಪಲಿ ಬಿಟ್ಟು ಒಳಗೆ ಹೋದವರು ಫ್ರಿಜ್ಜಿನ ಮುಂದೆ ನಿಂತರು. ಬಾಗಿಲಿನ ರಬ್ಬರಿನ ಸಂದಿಯಲ್ಲಿ ವಿಭೂತಿ ಉಳಿದಿತ್ತು. ಬೆರಳಿನಿಂದ ಸವರಿ ನೋಡಿ, ಪ್ಲಗ್ಗು ತೆಗೆದಿದ್ದಿರಾ ಎಂದು ಅಟೆಂಡರ್ ಮಾಮನನ್ನು ಕೇಳಿದರು. ಮಾಮನಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ.

“ಅದೂ ಮಿಷನ್ನೇ ಅಲ್ರಿ ಅಮ್ಮಾ. ಅದಕ್ಕೊಂದ ದಿನಾ ವಿಶ್ರಾಂತಿ ಬ್ಯಾಡೇನ್ರಿ?”

ನಾನು ಬೈಗುಳ ಕೇಳಲು ಸಿದ್ಧಳಾಗಿ ನಿಂತೆ. ಅವರು ಬೈಯಲಿಲ್ಲ. ಒಂದು ಕಿಟ್ಟು ತೆಗೆದು ಸೀಸೆಯ ಹನಿ ಬಿಟ್ಟರು. ಇನ್ನೊಂದಕ್ಕೆ ತಮ್ಮ ಬೆರಳು ಚುಚ್ಚಿಕೊಂಡು ಹನಿ ಬಿಟ್ಟರು. ಗಡಿಯಾರ ನೋಡುತ್ತ ನಿಂತರು. ಸೀಸೆಯದಕ್ಕೆ ಎದ್ದು ಕಾಣಬೇಕಾದ ಗೆರೆ ಮಂಕಾಗಿ, ಇದೆಯೋ ಇಲ್ಲವೋ ಅನ್ನುವಂತೆ ಮೂಡಿತು. ಅವರ ರಕ್ತದ ಪಟ್ಟಿಯ ಮೇಲೆ ಮೊದಲು ಒಂದು ಗೆರೆ. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು.

“ನೋಡಮ್ಮ,” ಅಂದರು ನನ್ನನ್ನು ಕರೆದು. “ಇದರ ಪ್ರಕಾರ ನಂಗೂ ಐತೆ.”

ಅದು ನಿಜವೇ ಎಂದು ನಾನು ಕೇಳಿದ್ದಕ್ಕೆ, ಬಿಸಿ ತಾಕಿದ ಕಿಟ್ಟು ಯಾವ ಕಡೆಗೆ ಸುಳ್ಳು ಹೇಳುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ, ಇದ್ದವರಿಗೆ ಇಲ್ಲ ಅನ್ನಬಹುದು, ಇಲ್ಲದವರಿಗೆ ಇದೆ ಅನ್ನಬಹುದು ಅಂದರು. ಹಬ್ಬದ ಮೇಲೆ ಯಾರು ಯಾರು ಬಂದಿದ್ದರು ಎಂದು ಕೇಳಿದರು. ನಾನು ಹೊಲಿಗೆಯ ಹುಡುಗಿಯ ವಿಷಯ ಹೇಳಿದೆ, ಅಮಾವಾಸ್ಯೆಯದೂ ಹೇಳಿದೆ. ಎರಡೂ ಪಟ್ಟಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಅವರು ಓನರ ಬಳಿಗೆ ಕೆಳಗಿಳಿದರು. ಜಗಳ ನೋಡಲೆಂದೇ ನಾನೂ ಹಿಂದೆ ಹೋದೆ ಅನ್ನಬೇಕು.

ಹಬ್ಬದ ಮೇಲೆ ಕೊಟ್ಟ ಅಷ್ಟೂ ಎಚ್‌ಐವಿ ರಿಪೋರ್ಟು ವಾಪಸು ತರಿಸಬೇಕು, ಅಷ್ಟೂ ಜನರನ್ನು ಕರೆಸಿ ಮತ್ತೆ ಪರೀಕ್ಷೆ ಮಾಡಿಸಬೇಕು, ನೋಡಲು ಬರುವ ತಂಡಕ್ಕೂ ಇದನ್ನು ಇದ್ದ ಹಾಗೆ ಹೇಳಬೇಕು ಅಂದರು ಅವರು. ಓನರು ಮೊದಲು ನಕ್ಕರು. ಆಮೇಲೆ ಅಂಗಡಿಯ ಹುಡುಗರಿಗೆ ಕೇಳಿಸದಂತೆ ದನಿ ತಗ್ಗಿಸಿದರು.

“ಅಮ್ಮಾ, ನೀವು ಸರ್ಟಿಫಿಕೇಟ್ ತರ್ಸಾಕ ಬಂದೀರೋ, ಅಂಗಡಿ ಮುಚ್ಚಸಾಕ ಬಂದೀರೋ? ನಮ್ಮ ರಿಪೋರ್ಟ್ ಸುಳ್ಳು ಅಂತ ನಾವ ಡಂಗುರಾ ಹೊಡಿಬೇಕೇನು?”

“ಹೊಡಿಬೇಕು. ಅದು ಹೊಡೆಯೋ ಲ್ಯಾಬಿಗೇ ಸರ್ಟಿಫಿಕೇಟು.”

ಓನರು ತಟ್ಟೆಯಲ್ಲಿದ್ದ ಪಟ್ಟಿಗಳನ್ನು ನೋಡಿದರು. ಎರಡು ಗೆರೆಯ ಪಟ್ಟಿಯನ್ನು ತೋರಿಸಿ, ಇದು ಯಾರ ರಕ್ತ ಎಂದು ಕೇಳಿದರು. ನಂದೇ ಅಂದರು ಅವರು. ಓನರು ಎರಡೂ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ತೆಗೆದುಕೊಂಡರು. ಅದನ್ನು ನಾನು ನೋಡಿದೆ. ಅವರೂ ನೋಡಿದರು.

ಮರುದಿನ ಎಲ್ಲರಿಗೂ ಗಾಜಿನ ಲೋಟದಲ್ಲಿ ಟೀ ಬಂತು, ಅವರೊಬ್ಬರಿಗೆ ಕಾಗದದ ಕಪ್ಪಿನಲ್ಲಿ. ಟೆಕ್ನೀಷಿಯನ್ ಹುಡುಗ ಅವರು ಕೂರುತ್ತಿದ್ದ ಸ್ಟೂಲನ್ನು ಸ್ಪಿರಿಟ್ಟಿನಿಂದ ಒರೆಸಿ ಕೂತ. ಬೀದಿಯಲ್ಲಿ ಮಾತು ಹೇಗೆ ಬೆಳೆಯಿತೋ ನಾನು ಹೇಳಲಾರೆ. ಮಡಕಶಿರದಮ್ಮನಿಗೇ ಆ ರೋಗ ಇದೆಯಂತೆ, ಅದಕ್ಕೇ ಸರ್ಕಾರಿ ಕೆಲಸ ಬಿಟ್ಟು ಬಂದದ್ದಂತೆ, ಹೊಲಿಗೆಯ ಹುಡುಗಿಗೆ ಆಕೆಯ ಸೂಜಿಯಿಂದಲೇ ತಗುಲಿದ್ದಂತೆ. ಹುಡುಗಿಯ ರಕ್ತ ತೆಗೆದ ದಿನ ಆಕೆ ಊರಲ್ಲೇ ಇರಲಿಲ್ಲ ಎಂದು ನಾನು ದಾರದಂಗಡಿಯಲ್ಲಿ ಹೇಳಿದೆ. ಅಂಗಡಿಯವರು ನನ್ನ ಮುಖ ನೋಡಿ, ನೀವೂ ಹುಷಾರಾಗಿರ್ರಿ ಅಂದರು.

ಅವರು ಮಾತ್ರ ಫೋನು ಹಿಡಿದು ಕೂತರು. ಹಬ್ಬದ ಮೇಲೆ ಬಂದ ಒಬ್ಬೊಬ್ಬರಿಗೂ, ನಿಮ್ಮ ಒಂದು ಪರೀಕ್ಷೆ ಮತ್ತೆ ಆಗಬೇಕು ಬನ್ನಿ, ಎಂದಷ್ಟೇ ಹೇಳುತ್ತಿದ್ದರು. ಯಾವ ಪರೀಕ್ಷೆ ಎಂದು ಫೋನಿನಲ್ಲಿ ಹೇಳುತ್ತಿರಲಿಲ್ಲ. ಕೆಲವರು ಬಂದರು, ಹೆಚ್ಚಿನವರು ಬೈದು ಇಟ್ಟರು. ಹೊಲಿಗೆಯ ಹುಡುಗಿಯ ಫೋನು ಅತ್ತೆಯ ಕೈಯಲ್ಲಿತ್ತು. ಆಕೆ ಏನಂದರೋ ನನಗೆ ಕೇಳಲಿಲ್ಲ, ಇವರು ಬಹಳ ಹೊತ್ತು ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡಿದ್ದರು. ಕೊನೆಗೆ ಕೌಂಟರಿಗೆ ಬಂದು, “ನಮ್ಮ ಸೀಮೆ ಹುಡುಗಿ ಅದು, ಊರು ಗೊತ್ತು. ನಾಳೆ ಬರಲ್ಲ ಅಂತ ಹೇಳು,” ಅಂದು ಹೋದರು.

ಹುಡುಗಿಯ ತವರಿಗೆ ಹೋಗಿ, ಅವಳ ಅಪ್ಪನ ಎದುರಿಗೆ ಏನು ಹೇಳಿ ಒಪ್ಪಿಸಿದರೋ, ಅವಳನ್ನು ಮಡಕಶಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂರೂ ಕಿಟ್ಟಿನ ಪರೀಕ್ಷೆ ಮಾಡಿಸಿದರು. ಅದೇ ಹೊತ್ತಿಗೆ ತಮ್ಮದನ್ನೂ ಮಾಡಿಸಿಕೊಂಡರು. ಒಂದು ಮಾತು ಅವಳಿಗೆ ಪರೀಕ್ಷೆಗೆ ಮೊದಲೇ ಹೇಳಿದ್ದರಂತೆ: ಇದ್ದರೂ ಬಸುರು ತೆಗೆಸಬೇಕಾಗಿಲ್ಲ, ಮಾತ್ರೆ ಇದೆ, ಮಗು ಚೆನ್ನಾಗಿ ಹುಟ್ಟುವಂತೆ ನೋಡಿಕೊಳ್ಳುತ್ತಾರೆ. ಸಂಜೆ ಲ್ಯಾಬಿಗೆ ಬಂದಾಗ ಇದನ್ನು ನನಗೆ ಹೇಳಿದರು. ಬೇರೇನೂ ಹೇಳಲಿಲ್ಲ. ನಿಮ್ಮದು ಏನಾಯಿತು ಎಂದು ನಾನು ಬಾಯಿ ತಪ್ಪಿ ಕೇಳಿದೆ.

“ಕೇಳಬಾರದ್ದು ಕೇಳ್ತೀಯ,” ಅಂದರು.

ಹುಡುಗಿಯ ಗಂಡನ ಮನೆಯವರು ಬಂದದ್ದು ಮಾರನೆಯ ಬೆಳಿಗ್ಗೆ. ಶಟರು ಪೂರ್ತಿ ಎತ್ತಿರಲಿಲ್ಲ. ಬೆಂಚಿನ ಮೇಲೆ ಒಬ್ಬ ಅಜ್ಜಿ, ಸಕ್ಕರೆ ಪರೀಕ್ಷೆಗೆಂದು ಬರಿಹೊಟ್ಟೆಯಲ್ಲಿ ಬಂದವರು, ಗೋಡೆಗೆ ಒರಗಿ ಕೂತಿದ್ದರು. ಮೆಟ್ಟಿಲ ಮೇಲೆ ಒಟ್ಟಿಗೆ ಬಹಳ ಜನರ ಕಾಲಿನ ಸದ್ದು ಕೇಳಿತು. ಮುಂದೆ ಹುಡುಗಿಯ ಅತ್ತೆ, ಅವರ ಹಿಂದೆ ಅವಳ ಮೈದುನ, ಅವನ ಹಿಂದೆ ಯೂನಿಟ್ಟಿನ ಗಂಡಸರು. ಮೈದುನ ಜೀನ್ಸ್ ತೊಳೆಯುವ ಯೂನಿಟ್ಟಿನಲ್ಲಿ ಕೆಲಸ ಮಾಡುವವನು, ಅವನ ಮುಂಗೈವರೆಗೂ ನೀಲಿ. ಬಿಳಿಯ ಕ್ಯಾನು ಅವನ ಕೈಯಲ್ಲೇ ಇತ್ತು. ಬಲಗೈಯೋ ಎಡಗೈಯೋ... ನನ್ನ ನೆನಪಿನಲ್ಲಿ ಒಂದೊಂದು ಸಲ ಒಂದೊಂದು ಕೈಯಲ್ಲಿ ಬರುತ್ತದೆ.

ಅತ್ತೆ ಮೊದಲು ಬೈದರು. ನಮ್ಮ ಮನೆಯ ಸೊಸೆಯನ್ನು ಊರೂರು ಆಸ್ಪತ್ರೆ ತಿರುಗಿಸಲು ನೀನು ಯಾರು, ನಿನ್ನ ರೋಗ ನಮಗೆ ಹಚ್ಚಿದ್ದು ಸಾಲದೇ, ಮುಗಿಯುವ ಮಾತನ್ನು ಮತ್ತೆ ಯಾಕೆ ಕೆದರಿದೆ. ಮಡಕಶಿರದಮ್ಮ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಹೆಗಲಿನಿಂದ ಇನ್ನೂ ಇಳಿಸಿರದ ಚೀಲ. ಅದರಲ್ಲಿ ಅವರ ಆಸ್ಪತ್ರೆಯ ಚೀಟಿ ಇದೆ ಎಂದು ನನಗೆ ಗೊತ್ತಿತ್ತು, ಹಿಂದಿನ ಸಂಜೆ ಮಡಚಿ ಇಟ್ಟದ್ದನ್ನು ಕಂಡಿದ್ದೆ.

“ನಿನ್ನ ರಿಪೋರ್ಟ್ ತೋರ್ಸು,” ಅಂದ ಮೈದುನ. “ನಿನಗ ಇಲ್ಲಂದ್ರ ನಾವು ಇಳದು ಹೋಗ್ತೀವಿ.”

“ತೋರ್ಸಲ್ಲ.”

“ಇದ್ದದ್ದಕ್ಕ ತೋರ್ಸವಲ್ಲಿ.”

“ಏನಾರ ಅಂದ್ಕೋ.”

ಅವನು ಮುಚ್ಚಳ ತಿರುಗಿಸಿದ. ಆ ವಾಸನೆ ಮೆಟ್ಟಿಲಿನ ತುಂಬ ಹರಡಿ ಕಣ್ಣಿಗೆ ಇಳಿಯಿತು. ಸೂಜಿ ನೆನೆಹಾಕಲು ನಾವೂ ಅದನ್ನೇ ಬಳಸುತ್ತಿದ್ದೆವು, ಆದರೆ ನೀರು ಬೆರೆಸಿದ್ದು. ಇದು ಬೆರೆಸದ್ದು. ಈಕೆಯನ್ನು ತೊಳೆಯಬೇಕು ಎಂದು ಹಿಂದಿನಿಂದ ಯಾರೋ ಅಂದರು. ಅವನು ಹೊಸ್ತಿಲ ಮೇಲೆ ಸುರಿದ. ಅದು ಅವರ ಪಾದದ ಮೇಲೆ, ಸೀರೆಯ ಅಂಚಿನ ಮೇಲೆ, ನನ್ನ ದುಪಟ್ಟಾದ ಮೇಲೆ ಹಾರಿತು. ಅವರು ಕಾಲು ಹಿಂದಕ್ಕೆ ತೆಗೆಯಲಿಲ್ಲ. ಆಮೇಲೆ ಅವನು ಕ್ಯಾನನ್ನು ಎತ್ತಿದ. ಅವರ ಮುಖದ ಮಟ್ಟಕ್ಕೆ. ಅದರ ಕೆಳಗಿನ ಮೂಲೆಯಿಂದ ಒಂದು ಹನಿ ಇಳಿದು ಬಿತ್ತು, ನಾನು ಆ ಹನಿಯನ್ನೇ ನೋಡುತ್ತಿದ್ದೆ. ಈಗಲೂ ನೋಡುತ್ತೇನೆ. ಅಡುಗೆಮನೆಯ ನಲ್ಲಿಯಲ್ಲಿ, ಬಸ್ಸಿನ ಕಿಟಕಿಯಲ್ಲಿ... ಅದು ಬೀಳುವುದೇ ಇಲ್ಲ.

“ಯಪ್ಪಾ,” ಅಂತ ಬೆಂಚಿನ ಮೇಲಿನ ಅಜ್ಜಿಯ ದನಿ ಕೇಳಿತು. “ನಾ ರಾತ್ರಿಯಿಂದ ಉಪಾಸ ಕುಂತೀನಿ. ನಿಮ್ಮ ಜಗಳ ಲಗೂನ ಮುಗಸ್ರಿ. ನಿಮ್ಮಣ್ಣನ್ನೂ ಕರಕೊಂಡ ಬಾ ಹೋಗು, ಅವಂದೂ ರಕ್ತ ತೆಗೀಲಿ. ಆಕೀಗೆ ಯಾರಿಂದ ಬಂತು ಅಂಬೋದು ಒಂದ ಸಲಕ್ಕ ತಿಳೀತೈತಿ.”

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮತ್ತೊಬ್ಬರು ನಕ್ಕರು. ಅತ್ತೆ ಹಿಂತಿರುಗಿ, ಯಾವನೋ ಅವನು ಎಂದು ಕೂಗಿದರು. ಆ ಕೂಗಿಗೆ ನಗು ಹೆಚ್ಚಿತು. ಮೈದುನನ ಮುಖದಲ್ಲಿ ಏನೋ ಕುಸಿಯಿತು, ಕ್ಯಾನು ತಾನಾಗಿ ಕೆಳಗಿಳಿಯಿತು. ಅಷ್ಟರಲ್ಲಿ ಓನರು ಮೇಲೆ ಬಂದು, ಬರ್ರಿ ಬರ್ರಿ, ಕೆಳಗ ಕುಂತು ಮಾತಾಡೋಣು ಎಂದು ಅವರನ್ನೆಲ್ಲ ಕರೆದುಕೊಂಡು ಹೋದರು. ಅಟೆಂಡರ್ ಮಾಮ ಅಷ್ಟು ಹೊತ್ತೂ ಫ್ರಿಜ್ಜಿನ ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು.

ಮಡಕಶಿರದಮ್ಮ ನಲ್ಲಿಯ ಕೆಳಗೆ ಕಾಲಿಟ್ಟು ಬಹಳ ಹೊತ್ತು ನೀರು ಬಿಟ್ಟುಕೊಂಡರು. ಕೈ ಒರೆಸಿಕೊಂಡು ಬಂದು ಸಿರಿಂಜು ತೆಗೆದುಕೊಂಡು ಅಜ್ಜಿಯ ಎದುರು ಕೂತರು. ಅಜ್ಜಿ ತೋಳನ್ನು ಸೆರಗಿನೊಳಗೆ ಎಳೆದುಕೊಂಡರು.

“ನೀವು ಬ್ಯಾಡ್ರಿ ಅಮ್ಮಾ. ತಪ್ಪು ತಿಳೀಬ್ಯಾಡ್ರಿ. ಆ ಹುಡುಗ ತೆಗೀಲಿ.”

ಅವರು ಎದ್ದು ಸಿರಿಂಜನ್ನು ಹುಡುಗನ ಕೈಗೆ ಕೊಟ್ಟರು. ನೇರ ಸ್ಟೋರ್ ರೂಮಿಗೆ ಹೋದರು.

ತೋರಿಸಿಬಿಡಬಹುದಿತ್ತಲ್ಲ ಎಂದು ನಾನು ಸ್ಟೋರ್ ರೂಮಿನಲ್ಲಿ ಅವರನ್ನು ಕೇಳಿದೆ. ನನಗೆ ಅಳು ಬರುತ್ತಿತ್ತು, ಅಷ್ಟೇ ಸಿಟ್ಟೂ ಬರುತ್ತಿತ್ತು. ನಮ್ಮಿಬ್ಬರ ಮುಖವೂ ಸುಟ್ಟುಹೋಗುತ್ತಿತ್ತಲ್ಲ.

“ಇಲ್ಲ ಅಂತ ಬಂದೋಳು ತೋರಿಸಿ ಪಾರಾಗ್ತಾಳೆ ಕಣಮ್ಮ,” ಅಂದರು. “ನಾಳೆ ಐತೆ ಅನ್ನೋಳ ಮನೆ ಮುಂದೆ ಇದೇ ಕ್ಯಾನ್ ಹಿಡ್ಕಂಡು ನಿಂತಾಗ, ಅವಳೇನ್ ತೋರಿಸ್ಬೇಕು?”

ಮಧ್ಯಾಹ್ನ ಓನರು ಅವರಿಗೆ ಇನ್ನು ಬರುವುದು ಬೇಡ ಅಂದರು. ಅವರು ಉಳಿದ ಕಿಟ್ಟುಗಳನ್ನೆಲ್ಲ ತಮ್ಮ ಕೈಯಾರೆ ಬ್ಲೀಚಿನ ನೀರಿನಲ್ಲಿ ಮುಳುಗಿಸಿ, ಚೀಲ ತಗುಲಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದರು. ಹಸಿರು ಸೀರೆಯ ಅಂಚಿನ ಉದ್ದಕ್ಕೂ ಬಿಳಿ ಬಿಳಿ.  ನಾನೂ ಆ ತಿಂಗಳೇ ಕೆಲಸ ಬಿಟ್ಟೆ. ಸರ್ಟಿಫಿಕೇಟು ಆಮೇಲೆ ಬಂತೆಂದು ಕೇಳಿದೆ. ಫ್ರಿಜ್ಜಿನ ಥರ್ಮಾಮೀಟರು, ಗೋಡೆಯ ಗಡಿಯಾರ, ಅವರು ಬರೆದು ಅಂಟಿಸಿದ್ದ ನಿಯಮಗಳು ಎಲ್ಲ ತಂಡದವರಿಗೆ ಬಹಳ ಮೆಚ್ಚುಗೆಯಾದವಂತೆ.

ಹೊಲಿಗೆಯ ಹುಡುಗಿಯನ್ನು ಒಂದು ಸಲ ನೇಮಕಲ್ಲಿನ ಆಂಜನೇಯನ ಗುಡಿಯಲ್ಲಿ ಕಂಡೆ. ಸೊಂಟದ ಮೇಲೆ ಮಗು ಇತ್ತು, ಕೊಬ್ಬರಿ ಚೂರು ಚೀಪುತ್ತಿತ್ತು. ಪಕ್ಕದಲ್ಲಿ ಅದೇ ಅತ್ತೆ, ಸೊಸೆಯ ಚಪ್ಪಲಿ ಕಾಯುತ್ತ. ನನ್ನನ್ನು ಗುರುತು ಹಿಡಿದು ಅವಳು ಮುಖ ತಿರುಗಿಸಿದಳು. ಅವಳ ರಿಪೋರ್ಟಿನಲ್ಲಿ ಏನಿತ್ತು ಎಂದು ಓದುವವರಿಗೆ ಅನ್ನಿಸಿದರೆ, ಅದನ್ನು ನಾನು ಇಲ್ಲಿಯೂ ಬರೆಯುವುದಿಲ್ಲ.

ಹೋದ ತಿಂಗಳು ಹೇಮಾವತಿಯ ಸಿದ್ಧೇಶ್ವರನನ್ನು ನೋಡಲು ಹೋದಾಗ ಅವರ ಹಳ್ಳಿಯನ್ನು ಕೇಳಿಕೊಂಡು ಹೋದೆ. ತಮ್ಮನ ಹೆಂಡತಿ ಸಿಕ್ಕರು. ತೀರಿಕೊಂಡು ವರ್ಷವಾಯಿತು ಅಂದರು. ಸಕ್ಕರೆ ಕಾಯಿಲೆಯಂತೆ, ಕಾಲಿನ ಗಾಯ ಮಾಯಲಿಲ್ಲವಂತೆ. ಯಾವ ಕಾಲು ಎಂದು ನಾನು ಕೇಳಲಿಲ್ಲ. ಗೋಡೆಯ ಗೂಡಿನಲ್ಲಿ ಒಂದು ಸ್ಟೀಲಿನ ತಟ್ಟೆ, ಒಂದು ಲೋಟ ಬೇರೆಯಾಗಿ ಇದ್ದವು. ನಾನು ಅತ್ತ ನೋಡಿದ್ದನ್ನು ಕಂಡು ಆಕೆ ದನಿ ಇಳಿಸಿದರು. ರಾಯದುರ್ಗದ ಕಡೆಯವರು ಯಾರೋ ಹೇಳಿಹೋಗಿದ್ದರಂತೆ. ಕೊನೆಯವರೆಗೂ ಅವರಿಗೆ ಅದೇ ತಟ್ಟೆ, ಅದೇ ಲೋಟ.

“ನೀವು ಜೊತೇಲಿದ್ದೋರು. ನಿಜ ಹೇಳಿ, ಅವ್ರಿಗೆ ಇತ್ತಾ?”

ಇಲ್ಲ ಎಂದರೆ ಒಂದೇ ಮಾತು. ನಾಲಿಗೆಯ ತುದಿಗೆ ಬಂದಿತ್ತು. ಆ ಚೀಟಿಯನ್ನು ನಾನು ಬಿಚ್ಚಿ ನೋಡಿದವಳಲ್ಲ, ನಿಜ. ನೋಡಿದ್ದರೂ... ಬಾಗಿಲಲ್ಲಿ ನಿಂತು ಬಾಯಿ ಬಿಡದೆ ಇದ್ದ ಆ ಹೆಂಗಸು, ಹೊಸ್ತಿಲಿಂದ ಕದಲದ ಆ ಪಾದಗಳು. ಅವರೇ ಹೇಳದೆ ಹೋದದ್ದನ್ನು ಅವರ ಮನೆಯಲ್ಲಿ ಕೂತು ನಾನು ಹೇಳುವುದೇ?

“ಬಾಯಾರಿಕೆ ಆಗಿದೆ,” ಅಂದೆ. “ಆ ಲೋಟದಲ್ಲೇ ನೀರು ಕೊಡಿ.”

ಆಕೆ ನನ್ನನ್ನು ನೋಡಿದರು, ಲೋಟವನ್ನು ನೋಡಿದರು. ಬೇರೆ ಲೋಟ ಇದೆ ಅಂದರು. ನಾನು ಆ ಲೋಟಕ್ಕೇ ಕೈ ಚಾಚಿದೆ. ಕೊಟ್ಟರು, ಕುಡಿದೆ. ಖಾಲಿ ಲೋಟವನ್ನು ಚಾಚಿದಾಗ ಆಕೆ ಕೈ ನೀಡಲಿಲ್ಲ. “ನೀವೇ ಇಟ್ಕಳಿ,” ಅಂದರು.

ಈಗ ಅದು ನಮ್ಮ ಅಡುಗೆಮನೆಯಲ್ಲಿದೆ, ಉಳಿದ ಲೋಟಗಳ ನಡುವೆ. ಮೊನ್ನೆ ನಾನು ಒಗೆಯುವ ಕಲ್ಲಿನ ಮೇಲಿಂದ ಏಳದೇ ಇದ್ದುದನ್ನು ಕಂಡು ಗಂಡ ಅದರಲ್ಲೇ ನೀರು ತಂದುಕೊಟ್ಟರು. ಹೊಸದಾಗಿ ಕಾಣ್ತದಲ್ಲ, ಯಾರದು ಎಂದು ಕೇಳಿದರು. ಹಿಂದೆ ಕೆಲಸದಲ್ಲಿ ಜೊತೆಗಿದ್ದ ಹಿರಿಯರದು, ತೀರಿಕೊಂಡರು ಅಂದೆ.

“ಏನಾಗಿತ್ತು ಅವರಿಗೆ?”

“ಕೇಳಬಾರದ್ದು ಕೇಳ್ತೀಯ,” ಅಂದೆ.

ನಾನು ಹಾಗೆ ಮಾತಾಡಿದ್ದನ್ನು ಎಂದೂ ಕೇಳಿರದ ಅವರು ತಲೆಯೆತ್ತಿ ನೋಡಿದರು. ನಾನು ನೀರು ಕುಡಿದು, ಎದ್ದು, ಬಕೆಟ್ಟಿನ ನೀಲಿ ನೀರನ್ನು ಮೋರಿಗೆ ಚೆಲ್ಲಿದೆ. ವಾಸನೆ ಮಾತ್ರ ಕೈಗೆ ಉಳಿಯಿತು.